ಫತ್ವಾಕ್ಕೆ ಸಹಿ ಯಾರದು?

ಹದೀಸ್ ಸಂಗ್ರಹಗಳಲ್ಲಿ ನನ್ನನ್ನು ಮೊದಲು ಸೆಳೆದದ್ದು ಮಾತಿಗಿಂತ ಮುಂಚೆ ಬರುವ ಹೆಸರುಗಳ ಸಾಲು. ಇಂಥವರು ಇಂಥವರಿಂದ ಕೇಳಿದರು, ಅವರು ಮತ್ತೊಬ್ಬರಿಂದ. ಇದೇ ಇಸ್ನಾದ್. ಒಂಬತ್ತನೇ ಶತಮಾನದ ಇಮಾಮ್ ಬುಖಾರಿಯಂಥವರು ಈ ಸರಪಳಿಯ ಒಬ್ಬೊಬ್ಬ ಮನುಷ್ಯನನ್ನೂ ತೂಗಿ ನೋಡಿದರು: ನೆನಪು ಗಟ್ಟಿಯೇ, ನಂಬಬಹುದೇ, ಇವರಿಬ್ಬರೂ ನಿಜಕ್ಕೂ ಭೇಟಿಯಾಗಿದ್ದರೇ? ಚಾಟ್‌ಜಿಪಿಟಿಯಂಥ ಯಂತ್ರದ ಬೆನ್ನಿಗೆ ಇಂಥ ಸರಪಳಿ ಇಲ್ಲ. ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತ ಹೋಗುವ ಅದು ಇಲ್ಲದ ಹದೀಸನ್ನೂ ಇರುವ ಹದೀಸಿನ ಧಾಟಿಯಲ್ಲೇ ಹೇಳಬಲ್ಲದು. ಕೇಳಿದರೆ ಇಸ್ನಾದನ್ನೂ ಹೊಸೆದು ಕೊಟ್ಟೀತು!

ಈ ತಪ್ಪು ಮುಂದೆ ಕಡಿಮೆಯಾಗಬಹುದು. ದುಬೈ ಸರ್ಕಾರದ ಧಾರ್ಮಿಕ ಇಲಾಖೆ 2019ರಲ್ಲೇ ‘ವರ್ಚುವಲ್ ಇಫ್ತಾ’ ಸೇವೆ ಆರಂಭಿಸಿದೆ. ನಮಾಜಿನ ವಿಧಿ, ಜಕಾತಿನ ಲೆಕ್ಕ ಇಂಥವಕ್ಕೆ ಯಂತ್ರ ಸಾಕು ಎನ್ನುವವರೊಂದಿಗೆ ನನಗೆ ಜಗಳವಿಲ್ಲ.

ನನ್ನ ತಕರಾರು ಸಹಿಯದು. ಹದಿನಾಲ್ಕನೇ ಶತಮಾನದ ದಮಾಸ್ಕಸ್ಸಿನ ಇಬ್ನ್ ಖಯ್ಯಿಮ್ ಬರೆದ ದೊಡ್ಡ ಗ್ರಂಥವೊಂದರ ಹೆಸರಿನಲ್ಲೇ ಮುಫ್ತಿಗಳೆಂದರೆ ದೇವರ ಪರವಾಗಿ ಸಹಿ ಹಾಕುವವರು ಎಂಬ ಅರ್ಥವಿದೆ. ಕಾಲ, ಸ್ಥಳ, ಜನರ ಸ್ಥಿತಿ ಬದಲಾದಂತೆ ಫತ್ವಾವೂ ಬದಲಾಗುತ್ತದೆಂದು ಅವರು ವಾದಿಸಿದರು. ಅಂದರೆ ಸಹಿಗೆ ಮೊದಲು ಎದುರಿಗಿರುವ ಮುಖ ನೋಡಬೇಕು. ಯಂತ್ರ ಓದುವುದು ಪ್ರಶ್ನೆಯನ್ನಷ್ಟೇ. ಪರಲೋಕದಲ್ಲಿ ಲೆಕ್ಕ ಒಪ್ಪಿಸಬೇಕೆಂಬ ಅಂಜಿಕೆಯೂ ಅದಕ್ಕಿಲ್ಲ.

ಇಷ್ಟಕ್ಕೇ ಮುಗಿಸಲು ಸಾರಾ ಅಬೂಬಕ್ಕರ್ ಬಿಡುವುದಿಲ್ಲ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಗಂಡನ ಬಳಿ ಮರಳಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆಯಬೇಕು. ಆ ನಿಯಮ ಹೇಳಿದವರು ಯಂತ್ರಗಳಲ್ಲ, ಅವಳ ಮುಖ ಬಲ್ಲ ಮನುಷ್ಯರೇ. ಅವಳು ಮಸೀದಿಯ ಕೆರೆಯ ಪಾಲಾದಳು. ಇಂದಿನ ನಾದಿರಾ ಗಂಡಸರ ಮುಂದೆ ಬಾಯಿಬಿಡಲಾಗದ್ದನ್ನು ಫೋನಿಗೆ ಕೇಳಿದರೆ ಬೇಡವೆನ್ನಲು ನನಗೆ ಬಾಯಿ ಬಾರದು. ಒಂದೇ ಉಸಿರಿನ ಮೂರು ತಲಾಖನ್ನು ಒಂದೆಂದೇ ಎಣಿಸಿದವರಿದ್ದಾರೆ, ಅವರಲ್ಲಿ ಇದೇ ಇಬ್ನ್ ಖಯ್ಯಿಮ್ ಕೂಡ ಇದ್ದಾರೆ ಎಂದು ಅದು ತಿಳಿಸೀತು. ಊರಿನವರು ಅವಳಿಗೆ ಹೇಳದೆ ಬಿಟ್ಟದ್ದು ಇದನ್ನೇ ಇರಬಹುದು.

ಆದರೆ ಅದನ್ನು ಹಿಡಿದು ಜಮಾತಿನ ಮುಂದೆ ನಿಂತಾಗ, ಹೇಳಿದವರು ಯಾರು ಎಂದೇ ಕೇಳುತ್ತಾರೆ. ಅವಳಿಗೆ ಬೇಕಾದದ್ದು ಸಹಿಯಿರುವ ಕಾಗದ. ನಾನಿರುವ ಹೈದರಾಬಾದಿನಲ್ಲಿ ಜಾಮಿಯತುಲ್ ಮೊಮಿನಾತ್ ಎಂಬ ಹೆಣ್ಣುಮಕ್ಕಳ ಮದ್ರಸಾ 2003ರಲ್ಲಿ ಮಹಿಳೆಯರನ್ನೇ ಮುಫ್ತಿಗಳನ್ನಾಗಿ ನೇಮಿಸಿತು. ಯಂತ್ರದ ಬಗ್ಗೆ ಬರೆಯುವವರು ಆ ಸುದ್ದಿಯನ್ನು ಯಾಕೆ ನೆನೆಯುವುದಿಲ್ಲವೋ!