ಪಕ್ಕದಲ್ಲಿ ನಿಂತ ಮಗು: ಘಿಬ್ಲಿ ಪೋಸ್ಟರ್‌ಗಳ ಚಿತ್ರಭಾಷೆ

ಮಕ್ಕಳ ಸಿನಿಮಾದ ಪೋಸ್ಟರ್ ಇಬ್ಬರನ್ನು ಒಲಿಸಬೇಕು. ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವವರು ಅಪ್ಪ ಅಮ್ಮ; ಹಟ ಹಿಡಿದು ಅವರನ್ನು ಥಿಯೇಟರಿಗೆ ಎಳೆದೊಯ್ಯುವುದು ಮಗು. ಈ ಅವಸರದಲ್ಲಿ ಬಹುಪಾಲು ಪೋಸ್ಟರ್‌ಗಳು ಸವೆದ ದಾರಿಯನ್ನೇ ಹಿಡಿಯುತ್ತವೆ. ಪಾತ್ರಗಳನ್ನೆಲ್ಲ ಗುಂಪಾಗಿ ಮುಂದೆ ನಿಲ್ಲಿಸಿ ನಮ್ಮ ಕಡೆ ತಿರುಗಿಸಿ ನಗಿಸುತ್ತವೆ. 2001ರ ‘ಶ್ರೆಕ್’ ಬಂದ ಮೇಲಂತೂ ಹಾಲಿವುಡ್ಡಿನ ಆನಿಮೇಷನ್ ಪೋಸ್ಟರ್‌ಗಳಲ್ಲಿ ಒಂದು ಹುಬ್ಬೇರಿಸಿ ತುಟಿಯಂಚಿನಲ್ಲಿ ನಗುವ ಮುಖ ಎಷ್ಟು ಬಳಕೆಯಾಯಿತೆಂದರೆ, ಪ್ರಾಣಿಯಿರಲಿ ಕೀಟವಿರಲಿ, ಎಲ್ಲದರ ಸ್ವಭಾವವೂ ಒಂದೇ ಎನ್ನಿಸತೊಡಗಿತು. ಮುಖಭಾವವನ್ನೇ ಪಾತ್ರವೆಂದು ತಿಳಿದರೆ ಹೀಗಾಗುತ್ತದೆ.

ಜಪಾನಿನಲ್ಲಿ 1985ರಲ್ಲಿ ಶುರುವಾದ ಸ್ಟುಡಿಯೊ ಘಿಬ್ಲಿ ಈ ದಾರಿಗೆ ಹೋಗಲಿಲ್ಲ. ನಿರ್ದೇಶಕರಾದ ಹಯಾವೊ ಮಿಯಾಝಾಕಿ ಮತ್ತು ಇಸಾವೊ ತಕಾಹಾತಾ, ಪ್ರಚಾರದ ಹೊಣೆ ಹೊತ್ತ ನಿರ್ಮಾಪಕ ತೊಶಿಯೊ ಸುಝುಕಿ, ಪೋಸ್ಟರ್‌ಗಳ ಒಂದೆರಡು ಸಾಲಿನ ಬರಹ ಕೊಟ್ಟ ಶಿಗೆಸಾತೊ ಇತೋಯ್ ಇವರೆಲ್ಲ ಸೇರಿ ಕಟ್ಟಿದ ಪೋಸ್ಟರ್ ಪರಂಪರೆಯಲ್ಲಿ ಮಗುವಿನ ಸ್ವಭಾವ ತಿಳಿಯುವುದು ಅದು ಎಲ್ಲಿದೆ, ಯಾರ ಪಕ್ಕದಲ್ಲಿದೆ, ಅಲ್ಲಿ ಏನು ಮಾಡುತ್ತಿದೆ ಎಂಬುದರಿಂದ. ಮಕ್ಕಳ ಚಿತ್ರಗಳ ಪೋಸ್ಟರ್ ಕಲೆಗೆ ಘಿಬ್ಲಿ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನಾನು ನಂಬುತ್ತೇನೆ. ಹಾಗೆಂದು ಈ ಪರಂಪರೆಗೆ ದೋಷಗಳೇ ಇಲ್ಲವೆಂದಲ್ಲ.

1988ರ ‘ಮೈ ನೈಬರ್ ಟೊಟೊರೊ’ದಿಂದಲೇ ನೋಡೋಣ. ಹಳ್ಳಿಯ ಬಸ್ ನಿಲ್ದಾಣ, ಮಳೆ, ಹಿಂದೆ ಕಾಡಿನ ಕತ್ತಲು. ಕೊಡೆ ಹಿಡಿದ ಒಬ್ಬ ಪುಟ್ಟ ಹುಡುಗಿ. ಅವಳ ಪಕ್ಕದಲ್ಲಿ ಅವಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ, ಮೈತುಂಬ ರೋಮವಿರುವ ಒಂದು ಪ್ರಾಣಿ. ಅದು ನಗುತ್ತಿಲ್ಲ, ಹಲ್ಲು ಕಿರಿಯುತ್ತಿಲ್ಲ, ಅವಳನ್ನು ಮುದ್ದಿಸುತ್ತಲೂ ಇಲ್ಲ. ದುಂಡು ಕಣ್ಣು ಬಿಟ್ಟುಕೊಂಡು ಸುಮ್ಮನೆ ನಿಂತಿದೆ. ಇಬ್ಬರೂ ಒಂದೇ ನೆಲದ ಮೇಲೆ, ಒಂದೇ ಬಸ್ಸಿಗೆ ಕಾಯುವವರಂತೆ ನಿಂತಿದ್ದಾರೆ. ಗಾತ್ರದ ಅಂತರ ಭಯ ಹುಟ್ಟಿಸಬೇಕಿತ್ತು. ಆದರೆ ಅಕ್ಕಪಕ್ಕದ ಆ ನಿಲುವು ಭಯವನ್ನು ತಡೆದು ಹಿಡಿದಿದೆ. ಟೊಟೊರೊ ಒಳ್ಳೆಯದೋ ಕೆಟ್ಟದ್ದೋ ಎಂದು ಪೋಸ್ಟರ್ ಹೇಳುವುದಿಲ್ಲ; ಹುಡುಗಿ ಓಡಿಹೋಗಿಲ್ಲ ಎಂಬುದನ್ನಷ್ಟೇ ತೋರಿಸುತ್ತದೆ. ಅವಳ ಧೈರ್ಯವೂ ಕುತೂಹಲವೂ ಆ ಪ್ರಾಣಿಯ ಸಾಧುತನವೂ ಅಷ್ಟರಿಂದಲೇ ನಮಗೆ ತಿಳಿಯುತ್ತವೆ.

ಸಿನಿಮಾ ನೋಡಿದವರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ: ಈ ಹುಡುಗಿ ಯಾರು? ಚಿತ್ರದಲ್ಲಿರುವುದು ಅಕ್ಕ ಸತ್ಸುಕಿ ಮತ್ತು ತಂಗಿ ಮೇ. ಬಸ್ ನಿಲ್ದಾಣದ ದೃಶ್ಯದಲ್ಲಿ ಮೇ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗಿರುತ್ತಾಳೆ. ಪೋಸ್ಟರಿನಲ್ಲಿರುವವಳು ಇಬ್ಬರೂ ಅಲ್ಲ, ಇಬ್ಬರನ್ನೂ ಬೆರೆಸಿದವಳು. ಮಿಯಾಝಾಕಿಯವರ ಮೊದಲ ಯೋಜನೆಯಲ್ಲಿ ನಾಯಕಿ ಒಬ್ಬಳೇ ಇದ್ದಳು. ಕಥೆ ಬೆಳೆದಂತೆ ಅವಳು ಅಕ್ಕತಂಗಿಯರಾಗಿ ಒಡೆದಳು, ಆದರೆ ಪೋಸ್ಟರಿಗೆ ಆ ಹಳೆಯ ಒಬ್ಬಳೇ ಒದಗಿದಳು. ಚಿತ್ರಸಂಯೋಜನೆಯ ದೃಷ್ಟಿಯಿಂದ ಈ ಆಯ್ಕೆ ಸರಿ. ಒಂದು ಮಗು, ಒಂದು ಪ್ರಾಣಿ ಎಂಬ ಸರಳ ಜೋಡಿ ಮೂರು ಆಕೃತಿಗಳಾದರೆ ಉಳಿಯುತ್ತಿರಲಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಾಯಿ ಆಸ್ಪತ್ರೆಯಲ್ಲಿರುವಾಗ ತಾನೂ ಮಗುವಾಗಿದ್ದುಕೊಂಡೇ ತಂಗಿಗೆ ತಾಯಿಯಾಗಬೇಕಾದ ಸತ್ಸುಕಿಯ ಕಷ್ಟ ಈ ಸಿನಿಮಾದ ಜೀವ. ಮಳೆಯಲ್ಲಿ ಬೆನ್ನ ಮೇಲೆ ಹೊತ್ತ ಆ ಭಾರ ಪೋಸ್ಟರಿನಿಂದ ಮಾಯವಾಗಿದೆ. ಜಗತ್ತೇ ಮೆಚ್ಚಿದ ಪೋಸ್ಟರ್ ಇದು, ನಾನೂ ಮೆಚ್ಚುತ್ತೇನೆ. ಆದರೂ ಸತ್ಸುಕಿಗೆ ಇಲ್ಲಿ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ.

‘ಟೊಟೊರೊ’ ಬಿಡುಗಡೆಯಾದ 1988ರ ಏಪ್ರಿಲ್ 16ರಂದೇ, ಅದೇ ಪ್ರದರ್ಶನದ ಜೋಡಿ ಚಿತ್ರವಾಗಿ ತೆರೆಕಂಡದ್ದು ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಯುದ್ಧಕಾಲದ ಕೋಬೆ ನಗರದಲ್ಲಿ ಅನಾಥರಾದ ಅಣ್ಣತಂಗಿಯರ ಕಥೆ. ಪೋಸ್ಟರಿನಲ್ಲಿ ಇಬ್ಬರೂ ಕತ್ತಲಿನ ಹುಲ್ಲುಗಾವಲಿನಲ್ಲಿದ್ದಾರೆ, ಸುತ್ತ ಮಿಣುಕುಹುಳುಗಳು. ಮೊದಲ ನೋಟಕ್ಕೆ ಇದೊಂದು ಸುಂದರ ಬೇಸಿಗೆಯ ರಾತ್ರಿ. ಚಿತ್ರ ಬಂದು 30 ವರ್ಷಗಳಾದ ಮೇಲೆ, 2018ರಲ್ಲಿ, ಪೋಸ್ಟರಿನ ಬೆಳಕನ್ನು ಹೆಚ್ಚಿಸಿ ನೋಡಿದಾಗ ಕಾಣುವ ಸಂಗತಿ ಜಾಲತಾಣಗಳಲ್ಲಿ ದೊಡ್ಡ ಸುದ್ದಿಯಾಯಿತು. ಮೇಲಿನ ಕತ್ತಲಲ್ಲಿ ಬಿ-29 ಬಾಂಬರ್ ವಿಮಾನದ ಕರಿ ಆಕೃತಿ ಇದೆ. ದುಂಡಗಿನ ಬೆಳಕುಗಳು ಹುಳುಗಳಾದರೆ, ಉದ್ದಕ್ಕೆ ಎಳೆದಂತಿರುವ ಬೆಳಕುಗಳು ವಿಮಾನದಿಂದ ಸುರಿಯುವ ಬೆಂಕಿಬಾಂಬುಗಳು.

ಇದನ್ನು ಬರಿಯ ಚಮತ್ಕಾರ ಎಂದು ನೋಡುವವರಿದ್ದಾರೆ. ನನಗೆ ಇದು ಪಾತ್ರದೃಷ್ಟಿಯನ್ನು ಚಿತ್ರದಲ್ಲಿ ಕಟ್ಟಿಕೊಡುವ ರೀತಿಯಾಗಿ ಕಾಣುತ್ತದೆ. ಪುಟ್ಟ ತಂಗಿ ಸೆತ್ಸುಕೊಗೆ ಕಾಣುವುದು ಹುಳುಗಳ ಬೆಳಕು ಮಾತ್ರ. ಅವಳ ವಯಸ್ಸಿನ ಮಗು ಪೋಸ್ಟರ್ ನೋಡಿದರೆ ಅದಕ್ಕೂ ಅಷ್ಟೇ ಕಾಣುತ್ತದೆ. ದೊಡ್ಡವರು ಕಣ್ಣು ಕಿರಿದು ಮಾಡಿ ನೋಡಿದರೆ ಬಾಂಬು ಕಾಣುತ್ತದೆ. ಒಂದೇ ಚಿತ್ರ ನೋಡುವವರ ತಿಳಿವಳಿಕೆಗೆ ತಕ್ಕ ಹಾಗೆ ಎರಡಾಗುತ್ತದೆ. ತಿಳಿದದ್ದನ್ನು ತಂಗಿಯಿಂದ ಮುಚ್ಚಿಡಬೇಕಾದ ಅಣ್ಣನ ಸ್ಥಿತಿಗೆ ನೋಡುಗ ಬಂದು ನಿಲ್ಲುತ್ತಾನೆ. ಘಿಬ್ಲಿಯ ಅತ್ಯುತ್ತಮ ಪೋಸ್ಟರ್ ಯಾವುದೆಂದು ಕೇಳಿದರೆ ಟೊಟೊರೊವನ್ನು ಬದಿಗಿಟ್ಟು ಇದನ್ನೇ ಆರಿಸುತ್ತೇನೆ.

1989ರ ‘ಕಿಕಿಸ್ ಡೆಲಿವರಿ ಸರ್ವಿಸ್’ ಪೋಸ್ಟರ್ ಇನ್ನೊಂದು ಬಗೆಯ ಧೈರ್ಯದ್ದು. ಕಥಾನಾಯಕಿ 13 ವರ್ಷದ ಮಾಟಗಾತಿ. ಪೊರಕೆಯ ಮೇಲೆ ಹಾರುತ್ತಾಳೆ. ಬೇರೆ ಯಾರೇ ಆಗಿದ್ದರೂ ಅವಳನ್ನು ಆಕಾಶಕ್ಕೇರಿಸದೆ ಬಿಡುತ್ತಿರಲಿಲ್ಲ. ಘಿಬ್ಲಿಯ ಹೆಸರಾದ ಪೋಸ್ಟರಿನಲ್ಲಿ ಅವಳು ಬೇಕರಿಯ ಕೌಂಟರಿನ ಹಿಂದೆ, ಬ್ರೆಡ್ಡುಗಳ ನಡುವೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇದ್ದಾಳೆ. ಕೆಂಪು ರಿಬ್ಬನ್ ಬಿಟ್ಟರೆ ಗಮನ ಸೆಳೆಯುವ ಬಣ್ಣವೂ ಹೆಚ್ಚಿಲ್ಲ. ಹಾರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಪರ ಊರಿನಲ್ಲಿ ದುಡಿದು ಬದುಕುವುದನ್ನು ಅವಳು ಕಲಿಯಬೇಕಾಗಿದೆ. ಅವಳ ವ್ಯಕ್ತಿತ್ವ ರೂಪುಗೊಳ್ಳುವುದು ಆ ಕೌಂಟರಿನ ಹಿಂದೆ. 2001ರ ‘ಸ್ಪಿರಿಟೆಡ್ ಅವೇ’ ಪೋಸ್ಟರಿನಲ್ಲಿಯೂ ನಾಯಕಿ ಚಿಹಿರೊಳ ಹಿಂದೆ ಇರುವುದು ಹಂದಿಗಳು. ಹಂದಿಗಳಾದ ತಂದೆತಾಯಿಯರನ್ನು ಗುರುತಿಸುವ ಕೊನೆಯ ಪರೀಕ್ಷೆ ಪೋಸ್ಟರಿನಲ್ಲೇ ನಮ್ಮ ಮುಂದಿರುತ್ತದೆ, ಅದು ಪರೀಕ್ಷೆ ಎಂದು ಮೊದಲು ಗೊತ್ತಾಗುವುದಿಲ್ಲ ಅಷ್ಟೇ.

ಘಿಬ್ಲಿ ಈ ನಿಲುವಿಗೆ ಅಂಟಿಕೊಂಡಿದ್ದೇಕೆ ಎಂದು ತಿಳಿಯಲು ಅದಕ್ಕೂ ಮುಂಚಿನ ಕಹಿ ಘಟನೆಯೊಂದನ್ನು ನೋಡಬೇಕು. ಮಿಯಾಝಾಕಿಯವರ 1984ರ ‘ನೌಸಿಕಾ’ ಅಮೆರಿಕದಲ್ಲಿ 1985ರಲ್ಲಿ ‘ವಾರಿಯರ್ಸ್ ಆಫ್ ದಿ ವಿಂಡ್’ ಎಂಬ ಹೆಸರಿನಲ್ಲಿ, ಸುಮಾರು 22 ನಿಮಿಷಗಳಷ್ಟು ಕತ್ತರಿಸಲ್ಪಟ್ಟು ಬಂತು. ಅದರ ಪ್ರಚಾರಚಿತ್ರದಲ್ಲಿ ಆಯುಧ ಹಿಡಿದ ಗಂಡಸರ ದಂಡೇ ಮುಂದಿದೆ, ಅವರಲ್ಲಿ ಹಲವರು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಕಥೆಯ ನಾಯಕಿ ಹಿಂದೆಲ್ಲೋ ಚಿಕ್ಕದಾಗಿ ಹಾರುತ್ತಿದ್ದಾಳೆ. ಕೀಟಗಳ ಮೇಲೂ ಕರುಣೆಯಿರುವ, ಯುದ್ಧ ನಿಲ್ಲಿಸಲು ಹೊರಟ ಹುಡುಗಿಯ ಸಿನಿಮಾವನ್ನು ಒಂದೇ ಹಾಳೆಯಲ್ಲಿ ಯುದ್ಧದ ಸಿನಿಮಾ ಮಾಡಿಬಿಟ್ಟರು. ಯಾರು ಮುಂದೆ, ಯಾರು ಹಿಂದೆ, ಯಾರು ದೊಡ್ಡವರು ಎಂಬುದು ಪೋಸ್ಟರಿನಲ್ಲಿ ಅಲಂಕಾರದ ವಿಷಯವಲ್ಲ, ಕಥೆಯ ನೀತಿಯ ವಿಷಯ. ಹೊರದೇಶಗಳಿಗೆ ಚಿತ್ರ ಕೊಡುವಾಗ ಕತ್ತರಿ ಹಾಕಬಾರದೆಂದು ಘಿಬ್ಲಿ ಮುಂದೆ ಹಟ ಹಿಡಿದದ್ದಕ್ಕೆ ಈ ಅನುಭವವೇ ಕಾರಣ.

ಮುಖಭಾವವಿಲ್ಲದೆ ಪಾತ್ರವನ್ನು ಹೇಳುವುದು ಹಾಲಿವುಡ್ಡಿಗೆ ಬಾರದ ವಿದ್ಯೆ ಎಂದು ಮಾತ್ರ ಯಾರೂ ಭಾವಿಸಬಾರದು. 1982ರ ‘ಇ.ಟಿ.’ಗೆ ಜಾನ್ ಆಲ್ವಿನ್ ಬರೆದ ಪೋಸ್ಟರಿನಲ್ಲಿ ಮುಖವೇ ಇಲ್ಲ. ಮಗುವಿನ ಬೆರಳು ಮತ್ತು ಅನ್ಯಲೋಕದ ಜೀವಿಯ ಬೆರಳು ತಾಗುವ ಕ್ಷಣ ಮಾತ್ರ ಇದೆ. ಮೈಕೆಲೇಂಜೆಲೊನ ಭಿತ್ತಿಚಿತ್ರವನ್ನು ನೆನಪಿಸುವ ಆ ಚಿತ್ರ ಸ್ನೇಹದ ಬಗ್ಗೆ ಹೇಳುವಷ್ಟನ್ನು ಹತ್ತು ನಗುಮುಖಗಳು ಹೇಳಲಾರವು. ಮುಖದ ಮಾರುಕಟ್ಟೆ ಬೆಳೆದಂತೆ ಹಾಲಿವುಡ್ಡಿನವರು ಈ ದಾರಿಯನ್ನು ಕೈಬಿಟ್ಟರು.

ಈಗ ಘಿಬ್ಲಿಯ ದೋಷಗಳು. ಮೊದಲನೆಯದು, ಗೆದ್ದ ದಾರಿಯನ್ನೇ ಮತ್ತೆ ಮತ್ತೆ ತುಳಿದದ್ದು. ಹಸಿರಿನ ನಡುವೆ ಅಥವಾ ನೀರಿನ ಅಂಚಿನಲ್ಲಿ ಒಂಟಿ ಹುಡುಗಿ ಎಂಬುದು 2010ರ ‘ಅರಿಯೆಟ್ಟಿ’, 2014ರ ‘ಮಾರ್ನಿ’ಯ ಹೊತ್ತಿಗೆ ಬಂದದ್ದೇ ಬಂದಂತಾಯಿತು. ಹುಡುಗಿ ಬೇರೆ, ಭಾವ ಅದೇ. ಎರಡನೆಯದು ಇನ್ನೂ ಗಂಭೀರ. ಪೋಸ್ಟರಿನ ಟೊಟೊರೊ ವಿಚಿತ್ರ, ಸ್ವಲ್ಪ ಅಂಜಿಕೆ ಹುಟ್ಟಿಸುವ ಕಾಡಿನ ಜೀವಿ. ಮುಂದೆ ಬಂದ ಬೊಂಬೆಗಳ ಟೊಟೊರೊ ಮೆತ್ತಗಿನ ದಿಂಬು. ಥಿಯೇಟರಿನಲ್ಲಿ ಮೊದಲು ಹೇಳಿಕೊಳ್ಳುವಂತಹ ಹಣ ಮಾಡದ ಚಿತ್ರಕ್ಕೆ ಆ ಬೊಂಬೆಗಳು ದೊಡ್ಡ ಆದಾಯ ತಂದವು, ನಿಜ. ಆದರೆ ಪೋಸ್ಟರ್ ಕಾಪಾಡಿದ್ದ ನಿಗೂಢತೆಯನ್ನು ಸ್ಟುಡಿಯೊ ತನ್ನ ಕೈಯಾರೆ ಅಳಿಸಿಹಾಕಿತು.

ಆ ನಿಗೂಢತೆಯನ್ನು ಮರಳಿ ತಂದವರು ಚೀನಾದ ವಿನ್ಯಾಸಕಾರ ಹ್ವಾಂಗ್ ಹಾಯ್. 2018ರ ಡಿಸೆಂಬರಿನಲ್ಲಿ ‘ಟೊಟೊರೊ’ ಚೀನಾದ ಥಿಯೇಟರುಗಳಿಗೆ ಬಂದಾಗ ಅವರು ಮಾಡಿದ ಪೋಸ್ಟರಿನಲ್ಲಿ ಅಕ್ಕತಂಗಿಯರು ಎತ್ತರದ ಹುಲ್ಲಿನಲ್ಲಿ ಓಡುತ್ತಿದ್ದಾರೆ. ಸ್ವಲ್ಪ ಹೊತ್ತು ನೋಡಿದರೆ ಆ ಹುಲ್ಲೇ ಟೊಟೊರೊನ ಮೈಯ ರೋಮ ಎಂದು ಹೊಳೆಯುತ್ತದೆ. ಮಕ್ಕಳು ಹುಡುಕುತ್ತಿರುವುದರ ಮೇಲೆಯೇ ಅವರು ಓಡಾಡುತ್ತಿದ್ದಾರೆ! ಮೂಲ ಪೋಸ್ಟರ್ ಬಿಟ್ಟುಕೊಟ್ಟಿದ್ದ ಅಕ್ಕತಂಗಿ ಇಬ್ಬರೂ ಇಲ್ಲಿ ಒಟ್ಟಿಗೆ ಇದ್ದಾರೆ.

2023ರಲ್ಲಿ ‘ದಿ ಬಾಯ್ ಅಂಡ್ ದಿ ಹೆರಾನ್’ ಜಪಾನಿನಲ್ಲಿ ಬಿಡುಗಡೆಯಾದಾಗ ಟ್ರೇಲರ್ ಇರಲಿಲ್ಲ, ಜಾಹೀರಾತು ಇರಲಿಲ್ಲ. ಮಿಯಾಝಾಕಿ ಬರೆದ ಕೊಕ್ಕರೆಯ ತಲೆಯ ಒಂದೇ ಒಂದು ಪೋಸ್ಟರ್ ಇತ್ತು. ಕೊಕ್ಕಿನ ಕೆಳಗಿನಿಂದ ಇನ್ನೊಂದು ಕಣ್ಣು ಇಣುಕುತ್ತದೆ. ಹಕ್ಕಿಯೋ, ಹಕ್ಕಿಯ ವೇಷದಲ್ಲಿರುವ ಯಾರೋ? ಅಷ್ಟೊಂದು ವರ್ಷ ಒಂಟಿ ಹುಡುಗಿಯರನ್ನು ಬರೆದ ಮೇಲೆ ಸ್ಟುಡಿಯೊ ನಾಯಕನನ್ನೇ ತೋರಿಸದೆ ಪ್ರಶ್ನೆಯೊಂದನ್ನು ಮಾತ್ರ ಗೋಡೆಗೆ ಅಂಟಿಸಿತು. ಜನ ಬಂದರು, ಮರುವರ್ಷ ಚಿತ್ರಕ್ಕೆ ಆಸ್ಕರ್ ಬಂತು.

2025ರ ಮಾರ್ಚ್ ಕೊನೆಯಲ್ಲಿ ನಮ್ಮ ಕನ್ನಡಿಗರ ಫೇಸ್‌ಬುಕ್, ವಾಟ್ಸ್‌ಆ್ಯಪ್ ತುಂಬ ‘ಘಿಬ್ಲಿ’ ಚಿತ್ರಗಳು ಹರಿದಾಡಿದವು. ಮದುವೆ ಫೋಟೊ, ಮಕ್ಕಳ ಫೋಟೊಗಳನ್ನೆಲ್ಲ ಕೃತಕ ಬುದ್ಧಿಮತ್ತೆ ತಿಳಿಬಣ್ಣದ, ದೊಡ್ಡ ಕಣ್ಣಿನ ಚಿತ್ರಗಳಾಗಿ ಮಾಡಿಕೊಟ್ಟಿತು. ಅವುಗಳಲ್ಲಿ ಬಣ್ಣವಿತ್ತು, ಕಣ್ಣಿತ್ತು. ಮಗುವನ್ನು ಎಲ್ಲಿ ನಿಲ್ಲಿಸಬೇಕು, ಅದರ ಪಕ್ಕ ಏನಿರಬೇಕು, ಏನನ್ನು ಕತ್ತಲಲ್ಲಿ ಬಿಡಬೇಕು ಎಂಬ ವಿಚಾರ ಇರಲಿಲ್ಲ. ಕನ್ನಡದಲ್ಲಿ ಮಕ್ಕಳ ಚಿತ್ರ ಮಾಡುವವರು, ಅವುಗಳ ಪೋಸ್ಟರ್ ಬರೆಯುವವರು ಘಿಬ್ಲಿಯಿಂದ ಕಲಿಯಬೇಕಾದದ್ದು ಈ ವಿಚಾರವನ್ನೇ ಹೊರತು ಆ ಬಣ್ಣವನ್ನಲ್ಲ. ದಯವಿಟ್ಟು ನಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಗಿಸಬೇಡಿ. ಅವರು ಇರುವಲ್ಲಿಯೇ, ಮಾಡುತ್ತಿರುವ ಕೆಲಸದ ನಡುವೆಯೇ ಅವರನ್ನು ಬರೆಯಿರಿ.