ಚಾಗೋಸ್: ಮೂರನೆಯ ಹಕ್ಕುದಾರ

ಜಾನ್ ಪಿಲ್ಜರ್ ಅವರ ಸಾಕ್ಷ್ಯಚಿತ್ರ 'ಸ್ಟೀಲಿಂಗ್ ಎ ನೇಷನ್' (2004) ಹಿಂದೂ ಮಹಾಸಾಗರದ ಚಾಗೋಸ್ ದ್ವೀಪವಾಸಿಗಳ ಕಥೆ. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕಕ್ಕೆ ಸೇನಾ ನೆಲೆ ಬೇಕಿತ್ತು. ಅದಕ್ಕಾಗಿ ಬ್ರಿಟನ್ 1968ರಿಂದ 1973ರವರೆಗೆ ಅಲ್ಲಿನ ಜನರನ್ನು ಮಾರಿಷಸ್ ಮತ್ತು ಸೆಶೆಲ್ಸ್‌ಗೆ ಸಾಗಹಾಕಿತು. ಅವರ ಸಾಕುನಾಯಿಗಳನ್ನೂ ಕೊಲ್ಲಿಸಿತು. ಅವರು ತೆಂಗಿನ ತೋಟದ ಗುತ್ತಿಗೆ ಕೂಲಿಗಳು, ಖಾಯಂ ನಿವಾಸಿಗಳಲ್ಲ ಎಂದು ಜಗತ್ತಿಗೆ ಹೇಳಿತು. ಈ ಸುಳ್ಳನ್ನು ಚಿತ್ರವು ಸರಕಾರದ ಕಡತಗಳಿಂದಲೇ ಬಯಲಿಗೆಳೆಯುತ್ತದೆ. ಅದೇ ಅದರ ಶಕ್ತಿ.

ಆದರೆ ಚಿತ್ರ ನೋಡಿ ಮುಗಿಸಿದವರಿಗೆ ಇದು ಸಾಮ್ರಾಜ್ಯಶಾಹಿ ಮತ್ತು ಸಂತ್ರಸ್ತರ ನಡುವಿನ ಜಗಳ ಮಾತ್ರ ಎನಿಸುತ್ತದೆ. ಮೂರನೆಯ ಹಕ್ಕುದಾರ ಮಾರಿಷಸ್ ಹಿನ್ನೆಲೆಗೆ ಸರಿಯುತ್ತದೆ. ಸ್ವಾತಂತ್ರ್ಯಕ್ಕೆ ಮುನ್ನ, 1965ರಲ್ಲಿ ಈ ದ್ವೀಪಗಳನ್ನು ತನ್ನಿಂದ ಕಿತ್ತುಕೊಳ್ಳಲಾಯಿತು ಎಂಬ ಅದರ ದೂರು ನ್ಯಾಯವಾದದ್ದೇ. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಆ ವಿಭಜನೆ ಕಾನೂನುಬದ್ಧವಲ್ಲ ಎಂದಿತು. ಆದರೆ ದೇಶದ ಹಕ್ಕು ಮತ್ತು ಜನರ ಹಕ್ಕು ಒಂದೇ ಅಲ್ಲ. 2025ರ ಮೇ 22ರಂದು ಬ್ರಿಟನ್-ಮಾರಿಷಸ್ ಸಹಿ ಹಾಕಿದ ಒಪ್ಪಂದವು ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಕೊಟ್ಟು, ಸೇನಾ ನೆಲೆಯನ್ನು 99 ವರ್ಷ ಉಳಿಸುತ್ತದೆ. ಡಿಯೆಗೊ ಗಾರ್ಸಿಯಾದಲ್ಲಿ ಮರುವಸತಿಗೆ ಅದರಲ್ಲಿ ಅವಕಾಶವಿಲ್ಲ. ಆ ಮಾತುಕತೆಯಲ್ಲಿ ಚಾಗೋಸಿಗಳು ಪಕ್ಷಗಾರರಾಗಿರಲಿಲ್ಲ. ಕೆಲವರು ಇದನ್ನು ಸ್ವಾಗತಿಸಿದರು, ಹಲವರು ವಿರೋಧಿಸಿದರು.

ಹಿರಿಯರ ಗೋರಿಗಳಿರುವ ನೆಲದ ಬಗ್ಗೆ, ಆ ಹಿರಿಯರ ಮಕ್ಕಳನ್ನು ಕೇಳದೆ ಮಾಡಿದ ತೀರ್ಮಾನವನ್ನು ನ್ಯಾಯವೆನ್ನಬಹುದೇ? ಪಿಲ್ಜರ್ ಚಿತ್ರವನ್ನು ಇಂದು ಈ ಪ್ರಶ್ನೆಯೊಂದಿಗೆ ನೋಡಬೇಕು.