ಗೋವೆಯಿಂದ ಬಂದು ರೊಟ್ಟಿಗೆ ಜೊತೆಯಾದವು

ಅಕ್ಬರನ ದರ್ಬಾರಿಗೆ ತಂಬಾಕು ಹೋದದ್ದು ನಮ್ಮ ಊರಿನಿಂದ. ಇಲ್ಲಿನ ಸುಲ್ತಾನ ಇಬ್ರಾಹಿಂ ಆದಿಲಶಹನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ಮದುವೆ ಮಾಡಿಸಿ ಕರೆದೊಯ್ಯಲು ಬಂದಿದ್ದ ಮೊಘಲ್ ರಾಯಭಾರಿ ಅಸದ್ ಬೇಗ್, 1604ರ ಸುಮಾರಿಗೆ ವಿಜಾಪುರದಲ್ಲಿ ಈ ಸೊಪ್ಪನ್ನು ಕಂಡ. ಒಂದಿಷ್ಟು ಕಟ್ಟಿಸಿಕೊಂಡು, ರತ್ನ ಕೂರಿಸಿದ ಕೊಳವೆಯ ಜೊತೆ ಆಗ್ರಾಕ್ಕೆ ಒಯ್ದ. ಬಾದಶಹ ಒಂದೆರಡು ದಮ್ಮು ಎಳೆಯುತ್ತಲೇ ಹಕೀಮ ಅಡ್ಡಬಂದ: ನಮ್ಮ ಗ್ರಂಥಗಳಲ್ಲಿ ಇದರ ಸುದ್ದಿಯಿಲ್ಲ, ಗುಣ ತಿಳಿಯದ್ದನ್ನು ಸೇವಿಸಬಾರದು. ಫರಂಗಿಗಳೇನು ದಡ್ಡರೇ, ಯಾವ ಪದಾರ್ಥವಾದರೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ ಎಂದು ಅಸದ್ ಬೇಗ್ ವಾದಿಸಿದ. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ತಂಬಾಕಿನ ಮಟ್ಟಿಗೆ ಹಕೀಮನ ಮಾತೇ ಸರಿ. 1617ರಲ್ಲಿ ಜಹಾಂಗೀರ ಅದನ್ನು ನಿಷೇಧಿಸಿದ. ತಿನ್ನುವ ವಸ್ತುವಿನ ವಿಷಯದಲ್ಲಿ ಮಾತ್ರ ನಾನು ಅಸದ್ ಬೇಗನ ಕಡೆ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಆದಿಲಶಾಹಿಯಿಂದಲೇ. ಅಮೆರಿಕದ ಬೆಳೆಗಳು ಒಳನಾಡಿಗೆ ಬಂದದ್ದು ಆ ದಾರಿಯಿಂದ. ಮೆಣಸಿನಕಾಯಿಯ ಪರೀಕ್ಷೆಯನ್ನು ಒಲೆಯ ಮುಂದೆ ಕೂತ ಹೆಂಗಸರೇ ಮಾಡಿದರು. ಕಾಳುಮೆಣಸನ್ನು ಘಟ್ಟದ ಸೀಮೆಯಿಂದ ದುಡ್ಡು ತೆತ್ತು ತರಿಸಬೇಕು; ಮೆಣಸಿನಗಿಡ ನಮ್ಮ ಎರೆಹೊಲದಲ್ಲೇ ಬೆಳೆಯುತ್ತದೆ. ಬಡವರ ರೊಟ್ಟಿಗೂ ಖಾರ ದಕ್ಕಿತು. ಶೇಂಗಾ ಹೊಲಗಳಲ್ಲಿ ಹಬ್ಬಿದ್ದು ಇನ್ನೂ ತಡವಾಗಿ, 19ನೇ ಶತಮಾನದಲ್ಲಿ. ಟಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಹದವಾಗಿ ಹುರಿದ ಶೇಂಗಾ, ಕೆಂಪುಖಾರ, ಬಳ್ಳೊಳ್ಳಿ ಹಾಕಿ ಎಣ್ಣೆ ಬಿಡುವವರೆಗೆ ಕುಟ್ಟಿದ ಹಿಂಡಿ ಇದೆಯಲ್ಲ, ಅದರ ಎರಡು ಮುಖ್ಯ ಪದಾರ್ಥಗಳೂ ಸಮುದ್ರ ದಾಟಿ ಬಂದವು. ಅದಕ್ಕೆ ಜೊತೆಯಾಗುವ ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದೇ.

ಹೊಸ ಪದಾರ್ಥದ ಬಗೆಗಿನ ಆ ಹಳೆಯ ಅಳುಕು ಇಂದಿಗೂ ಕಾಣುವುದು ಶ್ರಾದ್ಧದ ಎಲೆಯಲ್ಲಿ. ಅನೇಕ ಬ್ರಾಹ್ಮಣರ ಮನೆಗಳಲ್ಲಿ ಆ ದಿನ ಟೊಮ್ಯಾಟೊ, ಆಲೂಗಡ್ಡೆ, ಕೋಸು ಒಲೆ ಏರುವುದಿಲ್ಲ, ಖಾರಕ್ಕೆ ಕಾಳುಮೆಣಸೇ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗೋವೆಯ ಹಡಗುಗಳು ಬರುವ ಮೊದಲು ನಮ್ಮ ಅಡುಗೆಯ ರುಚಿ ಹೇಗಿತ್ತು ಎಂಬುದಕ್ಕೆ ಆ ಊಟಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು?

ಈಗ ನಮ್ಮ ಊರಿನ ಜಲನಗರದ ಕಡೆ ಹಣ್ಣು ಕೊಳ್ಳುವವರು ಡ್ರ್ಯಾಗನ್ ಫ್ರೂಟ್ ಕಂಡು ಮೂಗು ಮುರಿಯುತ್ತಾರೆ. ಅದು ಪರದೇಶದ್ದೆಂದು ದೂರುವುದು ಬೇಡ. ನಮ್ಮ ನೆಲ, ನಮ್ಮ ನೀರಿನಲ್ಲಿ ಅದಕ್ಕೆ ಎಂಥ ರುಚಿ ಬರುತ್ತದೆ ಎಂಬುದನ್ನು ನೋಡೋಣ. ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ಹೆಸರು ಕ್ಯಾಲಿಫೋರ್ನಿಯಾದ್ದು. ಇವತ್ತು ಟಿಕೋಟಾದ ಶೆಡ್ಡುಗಳ ನೆರಳಿನಲ್ಲಿ, ಬಲೆಯ ಮೇಲೆ ಹದವಾಗಿ ಒಣಗಿ ಬರುವ ಅದೇ ದ್ರಾಕ್ಷಿ ನಮ್ಮ ರೈತರ ಬದುಕು. ಹೊರಗಿನ ಬೆಳೆ ಬರಲಿ. ಮನೂಕ ಕೊಳ್ಳುವಾಗ ಮಾತ್ರ, ಹೊರದೇಶದ ಪೊಟ್ಟಣವನ್ನು ಪಕ್ಕಕ್ಕಿಟ್ಟು ಟಿಕೋಟಾದ್ದನ್ನೇ ಕೇಳಿ.